ನೀಲಿ ಚುಕ್ಕೆ

ಮತ್ತೆ ಒಂದಾದ ರಾಕ್ ಬ್ಯಾಂಡಿನ ಶೋಗೆ ಟಿಕೆಟ್ ಮಾರೋ ಸೈಟಿನ ಸೀಟ್ ನಕ್ಷೆ ಇವತ್ತು ಕಾರವಾರದ ಚಹಾ ಅಂಗಡೀಲಿ ಮೊಬೈಲಿಂದ ಮೊಬೈಲಿಗೆ ಹೋಯ್ತು. ಮೇಲಿನ ಗ್ಯಾಲರಿ ಪೂರ್ತಿ ನೀಲಿ.
ಒಂದು ಚುಕ್ಕೆ ಅಂದ್ರೆ ಒಂದು ಸೀಟು, ನೀಲಿ ಅಂದ್ರೆ ಇನ್ನೂ ಮಾರಿಲ್ಲ.

ಹಾಗಂತ ಬೂದು ಬಣ್ಣದ್ದೆಲ್ಲ ಮಾರಿಹೋಗಿದೆ ಅಂದ್ಕೋಬೇಡಿ. ಸೌಂಡ್ ಮಿಕ್ಸರ್ ಇಡೋ ಜಾಗ, ವೇದಿಕೆ ಕಾಣದ ಮೂಲೆ, ಪ್ರಾಯೋಜಕರ ಪಾಲು, ಇನ್ನೂ ಬಿಡದೇ ಇಟ್ಕೊಂಡ ಸೀಟು, ಎಲ್ಲಾ ಅದೇ ಬಣ್ಣ. ಸ್ಟೇಜ್ ಕಟ್ಟಿ ಅಳತೆ ಆದ್ಮೇಲೆ, ಕೊನೇ ವಾರ, ಅದರಲ್ಲಿ ಕೆಲವು ನೀಲಿಯಾಗ್ತವೆ. ಒಳ್ಳೇ ಸೀಟೂ ಇರ್ತವೆ. ಕಾಯೋರಿಗೆ ಲಾಭ.
ಮೇಲಿನದು ಹೋಗ್ಲೇ ಇಲ್ವಾ? ಕರಿ ಪರದೆ ಎಳೆದು, ಅಲ್ಲಿಯವರನ್ನ ಕೆಳಗೆ ಕೂರಿಸ್ತಾರೆ.

ಲೆಕ್ಕ ತಪ್ಪೋದು ಶುರುವಲ್ಲೇ. ಬ್ಯಾಂಡಿನ ಸಂಭಾವನೆ ಮೊದಲೇ ಖಾತರಿ. ಆ ದುಡ್ಡು ಎತ್ತೋಕೆ ದೊಡ್ಡ ಅಂಗಣ, ದುಬಾರಿ ದರ. ಹಳೇ ಗಾಯಕ ಇಲ್ಲ, ಡ್ರಮ್ಮರ್ ಬೇರೆ. ಹೆಸರೊಂದೇ ಹಳೇದು!

ಇಂಥ ಶೋ ನಮ್ಮಲ್ಲಾದ್ರೆ 500 ರೂಪಾಯಿ ದಾಟಿದ ಸಂಗೀತದ ಟಿಕೆಟಿಗೆ ಜಿಎಸ್‌ಟಿ ಬೇರೆ. ಬೆಂಗಳೂರಿಗೆ ರಾತ್ರಿ ಬಸ್ಸು, ಲಾಡ್ಜು ಇನ್ನೂ ಬೇರೆ.
ಕಾರವಾರದ ಕಡಲತೀರದ ಕರಾವಳಿ ಉತ್ಸವದಲ್ಲಿ ಮಯೂರವರ್ಮ ವೇದಿಕೆ ಮುಂದೆ ಮರಳಲ್ಲಿ ಕೂತು ಪುಕ್ಕಟೆ ಕೇಳಿದ ಜನಕ್ಕೆ ಆ ಮೇಲಿನ ಗ್ಯಾಲರಿ ಮಾರಿ ನೋಡೋಣ.