ರಾಜಮಾಚಿಯಲ್ಲಿ ಒಂದು ತಿಂಗಳು

ಪುಣೆಯ ಆಫೀಸಿಗೆ ರಜೆ ಹಾಕಿ ಈ ತಿಂಗಳು ಪೂರ್ತಿ ರಾಜಮಾಚಿ ಕೋಟೆ ಬುಡದ ಉಧೇವಾಡಿಯಲ್ಲಿದ್ದೇನೆ. ಟ್ರೆಕ್ಕಿಂಗಿಗೆ ಬರುವವರು ಉಳಿಯುವ ಮನೆ ನೋಡಿಕೊಳ್ಳುವ ಕೆಲಸ. ಲೋಣಾವಳದಿಂದ ಸುಮಾರು 15 ಕಿಲೋಮೀಟರ್ ಕಾಡುದಾರಿ.

ಚಾಪೆ ಕೊಡವುವುದು, ಕಸ ಹೆಕ್ಕುವುದು, ರಿಜಿಸ್ಟರಿನಲ್ಲಿ ಹೆಸರು ಬರೆಸುವುದು. ಅಡುಗೆ ಪಕ್ಕದ ಮನೆ ಮಾವಶಿಯದ್ದು. ಅವರ ಜುಣಕ, ಭಾಕರಿ ತಿಂದರೆ ಧಾರವಾಡದ ನಮ್ಮಜ್ಜಿ ನೆನಪಾಗುತ್ತಾಳೆ.

ಈಗ ಮಳೆಗೆ ಮುಂಚಿನ ಮಿಂಚುಹುಳುಗಳ ಕಾಲ. ಗಂಡು ಹುಳು ಮಿನುಗಿ ಹೆಣ್ಣನ್ನು ಕರೆಯುತ್ತದೆ. ಟಾರ್ಚ್, ಹೆಡ್‌ಲೈಟ್ ಬಿದ್ದರೆ ಆ ಕರೆ ಹೆಣ್ಣಿಗೆ ಹೇಗೆ ಕಾಣಬೇಕು? ಶನಿವಾರವಂತೂ ಇಲ್ಲಿ ಜಾತ್ರೆ. ನಿನ್ನೆ ಪುಣೆಯ ನಮ್ಮ ಕನ್ನಡದ ಹುಡುಗರ ಗುಂಪಿನಲ್ಲಿ ಒಬ್ಬ ಹುಳು ಹಿಡಿದು ಬಾಟಲಿಗೆ ಹಾಕಿದ್ದ. "ಬಿಟ್ಬಿಡಪ್ಪಾ, ರೆಕ್ಕೆ ಬಂದ ಮೇಲೆ ಅದು ಬದುಕೋದೇ ಕೆಲವು ವಾರ" ಅಂದೆ. "ಹೌದಾ ಅಕ್ಕಾ?" ಅಂತ ತಕ್ಷಣ ಮುಚ್ಚಳ ತೆಗೆದ. ಹುಳು ಅವನ ಹೆಬ್ಬೆರಳು ಹತ್ತಿ, ಉಗುರಿನ ಮೇಲೆ ಮಿನುಗಿ ಹಾರಿತು. ಆ ಹುಡುಗನ ಮುಖ ನೋಡಬೇಕಿತ್ತು ನೀವು!

ಬಂದವರು ಒಂದು ರಾತ್ರಿ ಇದ್ದು ಹೋಗುತ್ತಾರೆ. ರಾಜಮಾಚಿಯ ಎರಡು ಕೋಟೆಗಳಲ್ಲಿ ಒಂದಾದ ಶ್ರೀವರ್ಧನ ಮೋಡದಲ್ಲಿ ಮುಳುಗಿ ಏಳುವುದನ್ನು ದಿನಾ ನೋಡುವ ಭಾಗ್ಯ ಇಲ್ಲೇ ಉಳಿದುಕೊಂಡವರಿಗೆ ಮಾತ್ರ. ಬೆಟ್ಟ ಹತ್ತುವುದಕ್ಕಿಂತ ಬೆಟ್ಟದಲ್ಲಿ ಸುಮ್ನೆ ಇರುವುದೇ ನನಗೆ ಜಾಸ್ತಿ ಇಷ್ಟವಾಗಿದೆ.

ಈ ವಾರ ಬರುವವರು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬನ್ನಿ. ತಂದ ಬಾಟಲಿ ವಾಪಸ್ ಒಯ್ಯಿರಿ.