ಲಾಸ್ ಏಂಜಲೀಸ್‌ನಿಂದ ಸಿಡ್ನಿಗೆ: ಫಿಜಿಯ ನಾಡಿ ದಾಟುವ ಮುಂಚೆ ಇಂಧನ ನೋಡಿಕೊಳ್ಳಿ

ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಪೆಸಿಫಿಕ್ ದಾಟುವ ಆಸೆ ಇದ್ದರೆ ಲಾಸ್ ಏಂಜಲೀಸ್–ಸಿಡ್ನಿ ದಾರಿ ಹಿಡಿಯಿರಿ. ಸುಮಾರು 6,500 ನಾಟಿಕಲ್ ಮೈಲು, 15 ಗಂಟೆ, ಕೆಳಗೆ ಬರೀ ನೀರು. ಇಂಧನ ನಿಭಾಯಿಸುವುದನ್ನು ಕಲಿಯೋಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ನಾನು ಹಾರಿಸಿದ್ದು ಬೋಯಿಂಗ್ 777-300ಇಆರ್. ಇದರ ಟ್ಯಾಂಕ್‌ಗಳು ಸುಮಾರು 145 ಟನ್ ಹಿಡಿಯುತ್ತವೆ. ಹಾಗಂತ ಸುಮ್ನೆ ಫುಲ್ ಮಾಡಬೇಡಿ. ಪ್ರಯಾಣಿಕರು, ಸರಕು ಎಲ್ಲಾ ತುಂಬಿದ್ದರೆ 351 ಟನ್ನಿನ ಟೇಕಾಫ್ ಮಿತಿ ದಾಟಿಬಿಡುತ್ತದೆ. ಮಿತಿಯೊಳಗೇ ಇದ್ದರೂ ಲಾಭ ಕಮ್ಮಿ. ಇಷ್ಟು ದೂರದ ಹಾರಾಟದಲ್ಲಿ ಜಾಸ್ತಿ ಹಾಕಿದ ಇಂಧನದಲ್ಲಿ ಮೂರನೇ ಒಂದು ಪಾಲು ಅದನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಹಾರಾಟದ ಪ್ಲಾನ್ ಮಾಡಿಕೊಡುವ ಸಿಮ್‌ಬ್ರೀಫ್ ವೆಬ್‌ಸೈಟ್ ಕೊಟ್ಟ ಲೆಕ್ಕ ತಗೊಳ್ಳಿ, ಹವೆ ಕೆಟ್ಟಿದ್ದರೆ ಒಂದೆರಡು ಟನ್ ಸೇರಿಸಿ, ಸಾಕು.

ಕಿಲೋ, ಪೌಂಡ್ ಯಾವುದು ಅಂತ ಸಿಮ್‌ಬ್ರೀಫ್‌ನಲ್ಲೂ ವಿಮಾನದಲ್ಲೂ ನೋಡಿಕೊಳ್ಳಿ. 1983ರಲ್ಲಿ ಕೆನಡಾದಲ್ಲಿ ಒಂದು ನಿಜವಾದ 767ಗೆ 22,300 ಕಿಲೋ ಬೇಕಿತ್ತು, ಇದ್ದದ್ದು 22,300 ಪೌಂಡ್. ಎರಡೂ ಎಂಜಿನ್ ಆಕಾಶದಲ್ಲೇ ನಿಂತವು. ಪೈಲಟ್‌ಗಳು ಅದನ್ನು ಗ್ಲೈಡ್ ಮಾಡಿ ಗಿಮ್ಲಿಯಲ್ಲಿ ಇಳಿಸಿದರು.

ಹೊರಡುವ ಮುಂಚೆ ಮಾಡಲೇಬೇಕಾದ ಕೆಲಸ, ಎಫ್‌ಎಂಸಿಗೆ, ಅಂದರೆ ದಾರಿ, ಇಂಧನ ಲೆಕ್ಕ ಹಾಕುವ ವಿಮಾನದ ಕಂಪ್ಯೂಟರ್‌ಗೆ, ದಾರಿಯುದ್ದದ ಗಾಳಿಯ ಮಾಹಿತಿ ತುಂಬುವುದು. ತುಂಬದಿದ್ದರೆ ಸಿಡ್ನಿಯಲ್ಲಿ ಎಷ್ಟು ಇಂಧನ ಉಳಿಯುತ್ತದೆ ಅಂತ ಅದು ತೋರಿಸುವ ಅಂಕಿ ಚೆಂದವಾಗಿರುತ್ತದೆ, ನಂಬುವ ಹಾಗಿರುವುದಿಲ್ಲ. ಅದಕ್ಕೆ ಮುಂದಿರುವ ಎದುರುಗಾಳಿ ಗೊತ್ತೇ ಇರುವುದಿಲ್ಲವಲ್ಲ. ಜೂನ್–ಆಗಸ್ಟ್‌ನಲ್ಲಂತೂ ಆಸ್ಟ್ರೇಲಿಯಾದ ಹತ್ತಿರ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಬೀಸುವ ಜೋರು ಗಾಳಿ) ಮುಖಕ್ಕೇ ಹೊಡೆಯುತ್ತದೆ.

ವಿಮಾನ ಭಾರ ಇರುವಾಗ 30,000 ಅಡಿಯಲ್ಲೇ ಇರಲಿ. ಇಂಧನ ಸುಟ್ಟು ಹಗುರ ಆದಂತೆ 32,000, 34,000, ಆಮೇಲೆ 36,000ಕ್ಕೆ ಏರಿ. ಟೈಮ್ ಆಕ್ಸಲರೇಶನ್ (ಸಿಮ್ಯುಲೇಟರ್‌ನ ಸಮಯ ಬೇಗ ಓಡಿಸುವುದು) 4 ಪಟ್ಟು ಹಾಕಿದವರು ಇಲ್ಲಿ ಹುಷಾರು. ಕಾಲು ಗಂಟೆ ಎದ್ದು ಹೋದರೆ ಒಂದು ಗಂಟೆಯ ದಾರಿ ಕಳೆದಿರುತ್ತದೆ, ಏರಬೇಕಾದ ಜಾಗವೂ ದಾಟಿರುತ್ತದೆ. ಏರುವಾಗ ಮಾಮೂಲಿ ವೇಗಕ್ಕೆ ಬನ್ನಿ.

ಪ್ರತಿ ಎರಡು ಗಂಟೆಗೊಮ್ಮೆ ಪ್ಲಾನ್‌ನಲ್ಲಿರುವ ಇಂಧನ, ಟ್ಯಾಂಕ್‌ನಲ್ಲಿರುವ ಇಂಧನ, ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಒಂದು ಸಲದ ವ್ಯತ್ಯಾಸ ಏನೂ ಹೇಳುವುದಿಲ್ಲ. ಅದು ಬೆಳೀತಾ ಇದೆಯಾ ಅನ್ನೋದೇ ಮುಖ್ಯ.

ಫಿಜಿಯ ನಾಡಿ ವಿಮಾನ ನಿಲ್ದಾಣ ಹೆಚ್ಚುಕಮ್ಮಿ ದಾರಿಯ ಕೆಳಗೇ ಸಿಗುತ್ತದೆ. ಅಲ್ಲಿಂದ ಸಿಡ್ನಿಗೆ ಇನ್ನೂ 1,700 ನಾಟಿಕಲ್ ಮೈಲು. ನಾನು ಅಲ್ಲಿಗೆ ಬಂದಾಗ ಪ್ಲಾನ್ 40 ಟನ್ ಅಂದಿತ್ತು, ಟ್ಯಾಂಕ್‌ನಲ್ಲಿ 38.2 ಇತ್ತು. ಎದುರುಗಾಳಿ ಅಂದಾಜಿಗಿಂತ ಜೋರಾಗಿತ್ತು. ಮುಂದಿನ ನಾಲ್ಕು ಗಂಟೆಗೆ 26 ಟನ್ ಕಳೆದರೆ 12.2 ಉಳಿಯುತ್ತದೆ. ಸಿಡ್ನಿ ಮುಚ್ಚಿದ್ದರೆ ಬ್ರಿಸ್ಬೇನ್‌ಗೆ ಹೋಗಲು 7, ಮುಟ್ಟಬಾರದ ಅರ್ಧ ಗಂಟೆಯ ಮೀಸಲು 3. ಒಟ್ಟು 10. ಹಾಗಾಗಿ ಮುಂದುವರಿದೆ. ಸಿಡ್ನಿಯಲ್ಲಿ ಉಳಿಯುವ ಲೆಕ್ಕ 10ಕ್ಕಿಂತ ಕೆಳಗೆ ಬಂದಿದ್ದರೆ ಬ್ರಿಸ್ಬೇನ್‌ನಲ್ಲಿ ಇಳಿದು ತುಂಬಿಸಿಕೊಳ್ಳುವ ಪ್ಲಾನ್ ಅಲ್ಲೇ ಹಾಕುತ್ತಿದ್ದೆ. ಇನ್ನೂ ಕಮ್ಮಿ ಇದ್ದರೆ ನಾಡಿಯಲ್ಲೇ ಇಳಿಯುವುದು ಸರಿ.

ಇನ್ನೊಂದು ವಿಷಯ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ವಿಮಾನಗಳಿಗೆ ಕರ್ಫ್ಯೂ ಇದೆ. ನಿಜದ ನಿಯಮ ಪಾಲಿಸುವವರು ಬೇಗ ಮುಟ್ಟಿದರೆ ಸುತ್ತು ಹೊಡೆಯುತ್ತಾ ಗಂಟೆಗೆ ಆರು ಟನ್ನಿನಷ್ಟು ಸುಡಬೇಕಾಗುತ್ತದೆ. ಅದರ ಬದಲು ನಾಡಿ ದಾಟಿದ ಮೇಲೆ ಕಾಸ್ಟ್ ಇಂಡೆಕ್ಸ್ (ವೇಗ ಮುಖ್ಯವೋ ಇಂಧನ ಉಳಿತಾಯ ಮುಖ್ಯವೋ ಅಂತ ಎಫ್‌ಎಂಸಿಗೆ ಹೇಳುವ ಅಂಕಿ) ಇಳಿಸಿ ನಿಧಾನಕ್ಕೆ ಹೋಗಿ.