ನೂರು ಗಂಟೆ ಅಂದರೆ ಎಷ್ಟು ದಿನ?

ಮನೆಯಲ್ಲೇ ಕಿಟ್ ಕಾರು, ಅಂದರೆ ಬಿಡಿಭಾಗಗಳಾಗಿ ಬಂದು ನಾವೇ ಜೋಡಿಸಿಕೊಳ್ಳುವ ಕಾರು, ಕಟ್ಟಲು ಎಷ್ಟು ಕಾಲ ಬೇಕು ಅಂತ ಗೆಳೆಯರು ಕೇಳುತ್ತಾರೆ. ಇಂಗ್ಲೆಂಡಿನ ಕೇಟರ್‌ಹ್ಯಾಮ್ ಸೆವೆನ್ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರಿನ ತರಹದ ಕಿಟ್‌ಗೆ ಸುಮಾರು 100 ಗಂಟೆ ಅನ್ನುತ್ತಾರೆ. ಚಾಸಿ (ಕಾರಿನ ಚೌಕಟ್ಟು) ತಯಾರಾಗಿ ಬರುತ್ತದೆ, ಜೋಡಿಸಿದರೆ ಆಯಿತು. ಭಾನುವಾರಕ್ಕೆ ನಾಲ್ಕು ಗಂಟೆ ಸಿಕ್ಕರೂ ಆರು ತಿಂಗಳು!

ಹಳೇ ಕಾರಿನ ಎಂಜಿನ್, ಗೇರ್‌ಬಾಕ್ಸ್ ತೆಗೆದು ಕಟ್ಟುವುದಾದರೆ ಕಥೆಯೇ ಬೇರೆ. ಬಿಚ್ಚೋದು ಬೇಗ ಆಗುತ್ತದೆ. ಆಮೇಲೆ ತುಕ್ಕು ಉಜ್ಜಬೇಕು, ಸವೆದ ಬುಶ್, ಬೇರಿಂಗ್ ಬದಲಿಸಬೇಕು, ಬ್ರೇಕ್ ಪೈಪನ್ನು ಸರಿಯಾದ ತಿರುವಿಗೆ ಬಗ್ಗಿಸಬೇಕು. ವೈರಿಂಗ್ ಅಂತೂ ತಾಳ್ಮೆಯ ಪರೀಕ್ಷೆ. ಕೆಲಸಕ್ಕಿಂತ ಕಾಯೋದೇ ಜಾಸ್ತಿ. ಒಂದು ಸಣ್ಣ ಬ್ರ್ಯಾಕೆಟ್ ಸಿಗದಿದ್ದರೆ ಇಡೀ ಕಾರು ನಿಂತುಬಿಡುತ್ತದೆ. ಹೀಗೇ ವರ್ಷಗಳು ಉರುಳುತ್ತವೆ.

ನಮ್ಮ ಬೆಂಗಳೂರಲ್ಲಿ ಸಾಮಾನಿಗೆ ಕೊರತೆ ಇಲ್ಲ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ, ಲೇತ್ ಕೆಲಸಕ್ಕೆ ಪೀಣ್ಯ. ಜಾಗದ್ದೇ ಕಷ್ಟ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಗ್ರೈಂಡರ್ ಹಿಡಿದರೆ ಯಾರು ಸುಮ್ನಿರ್ತಾರೆ?

ಅದಕ್ಕಿಂತ ದೊಡ್ಡ ಕಷ್ಟ ನಂಬರ್ ಪ್ಲೇಟ್, ಅಂದರೆ ನೋಂದಣಿ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಕಾರನ್ನೂ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆ ಇದೆ. ನಮ್ಮಲ್ಲಿ ಮಾದರಿ ಅನುಮೋದನೆಯ (ಹೊಸ ಕಾರಿನ ವಿನ್ಯಾಸಕ್ಕೆ ಒಪ್ಪಿಗೆ ಕೊಡುವ) ಪರೀಕ್ಷೆಗಳು ಕಾರು ಕಂಪನಿಗಳನ್ನು ನೋಡಿ ಮಾಡಿದಂಥವು. ಒಬ್ಬ ವ್ಯಕ್ತಿಗೆ ಆ ಖರ್ಚು, ಓಡಾಟ ತೂಗಿಸೋದು ತುಂಬಾ ಕಷ್ಟ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಸ್ಪರ್ಧೆಗೆ ಅಂತ ತಾವೇ ರೇಸ್ ಕಾರು ಕಟ್ಟುತ್ತಾರೆ. ಅಷ್ಟು ಕೈಚಳಕ ಇರೋ ಊರಿದು. ಬ್ರೇಕ್, ದೀಪ, ಹೊಗೆ ಎಲ್ಲ ಕಟ್ಟುನಿಟ್ಟಾಗಿ ನೋಡಲಿ, ಆದರೆ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರಿಗೂ ರಸ್ತೆಗೆ ಬರೋ ದಾರಿ ಇರಬೇಕು ಅಲ್ವಾ?